ಸಿ ತುಂಬಿದೆ, ಡಿ ಖಾಲಿ ಇದೆ

ಕಂಪ್ಯೂಟರ್ ಕೆಡೋದಕ್ಕೆ ನೂರೆಂಟು ಕಾರಣ ಇರುತ್ತೆ. ಆದರೆ ನನ್ನನ್ನ ಪದೇಪದೇ ಪೇಚಿಗೆ ಸಿಕ್ಕಿಸಿದ್ದು ಒಂದೇ ಕಾಯಿಲೆ. ಅದು ಸಿ ಡ್ರೈವ್ ತುಂಬಿಹೋಗೋದು. ಬೇರೆ ಯಾವ ರಿಪೇರಿಗೆ ಕರೆದರೂ ಸ್ಕ್ರೂ ಬಿಚ್ಚಿ, ಧೂಳು ಊದಿ, ಟೀ ಕುಡಿದು ಬಂದುಬಿಡುತ್ತಿದ್ದೆ. ಇದಕ್ಕೆ ಕರೆದರೆ ಮಾತ್ರ ಏನಾದರೊಂದು ಆಗದೆ ವಾಪಸ್ ಬಂದಿದ್ದು ನೆನಪಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ತುಮಕೂರಿನಲ್ಲಿ ಅಂಗಡಿ ತೆರೆದೆ. ಅಂಗಡಿ ಅಂದರೆ ನಮ್ಮ ಅಬ್ಬನ ಟ್ರಂಕ್ ಅಂಗಡಿಯ ಮುಂದಿನ ಮೂಲೆ. ಹಿಂದೆ ಅಬ್ಬ ತಗಡು ಬಡೀತಿದ್ದರು, ಮುಂದೆ ನಾನು ಕೀಬೋರ್ಡ್ ಬಡೀತಿದ್ದೆ. ಗುಬ್ಬಿ, ಕುಣಿಗಲ್ ಕಡೆಯಿಂದ ಫೋನ್ ಬಂದರೆ ಬಸ್ ಹತ್ತಿ ಹೋಗುತ್ತಿದ್ದೆ. ಎಲ್ಲರೂ ನನ್ನನ್ನ ‘ಕಂಪ್ಯೂಟರ್ ಸಾಬ್ರು’ ಅಂತ ಕರೀತಿದ್ದರು.

ಆಗೆಲ್ಲ ಕಂಪ್ಯೂಟರ್ ಮಾರುವವರು ಒಂದೇ ಹಾರ್ಡ್ ಡಿಸ್ಕನ್ನ ಎರಡು ಭಾಗ ಮಾಡಿ ಕೊಡುತ್ತಿದ್ದರು. ಮೊದಲನೇದು ಸಿ, ಎರಡನೇದು ಡಿ. ಯಂತ್ರವನ್ನ ನಡೆಸುವ ಮುಖ್ಯ ಸಾಫ್ಟ್‌ವೇರ್ ಸಿಯಲ್ಲಿ ಕೂತಿರುತ್ತಿತ್ತು. ಜನ ತಮ್ಮ ಸಾಮಾನನ್ನೂ ಅಲ್ಲೇ ತುರುಕುತ್ತಿದ್ದರು. ಒಂದು ದಿನ ಸಿಯಲ್ಲಿ ಉಸಿರಾಡೋಕೂ ಜಾಗ ಇರುತ್ತಿರಲಿಲ್ಲ, ಡಿ ಮಾತ್ರ ಖಾಲಿ ಬಿದ್ದಿರುತ್ತಿತ್ತು. ನಡುವಿನ ಗೋಡೆಯನ್ನ ಡಿ ಕಡೆಗೆ ಸರಿಸಿ ಸಿಯನ್ನ ದೊಡ್ಡದು ಮಾಡೋದು ನನ್ನ ಕೆಲಸ. ಈ ಭಾಗಗಳಿಗೆ ಪಾರ್ಟಿಷನ್ ಅಂತ ಹೆಸರು. ಆ ಹೆಸರಿನಿಂದ ಏನಾಯಿತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ತಗಡಿನ ಗೋಡೆ

ಒಬ್ಬ ನಿವೃತ್ತ ಹೆಡ್‌ಮಾಸ್ಟರು ಬೆಡ್‌ಶೀಟಿನಲ್ಲಿ ಸುತ್ತಿದ ಕಂಪ್ಯೂಟರನ್ನ ಆಟೋದಲ್ಲಿ ತಂದು ಇಳಿಸಿದರು. ತಮ್ಮ ವಂಶವೃಕ್ಷ ಬರೀತಿದ್ದಾರಂತೆ, ಅಜ್ಜನ ತನಕ ಬರೋ ಹೊತ್ತಿಗೆ ಜಾಗ ಇಲ್ಲ ಅಂತ ಕಂಪ್ಯೂಟರ್ ಹೇಳ್ತಿದೆಯಂತೆ. ನೋಡಿದೆ, ಅದೇ ಕಾಯಿಲೆ. ಸಿ ತುಂಬಿತ್ತು, ಡಿ ಖಾಲಿ ಇತ್ತು. ಗೋಡೆ ಸರಿಸಿಕೊಡ್ತೀನಿ ಅಂದೆ.

ಮೇಷ್ಟ್ರು ಸುಮ್ಮನೆ ಬಿಟ್ಟುಹೋಗೋ ಆಸಾಮಿ ಅಲ್ಲ. ಅರ್ಧ ಖಾಲಿ ಇದ್ದರೂ ಅದು ತುಂಬಿದೆ ಅಂತ ಯಾಕೆ ಹೇಳುತ್ತೆ, ಅದನ್ನ ವಿವರಿಸು ಅಂದರು. ಒಂದು ಮನೆಯಲ್ಲಿ ಎರಡು ರೂಮು ಇದ್ದ ಹಾಗೆ ಅಂದೆ. ನಡುವೆ ಬಾಗಿಲು ಇರುತ್ತಲ್ಲ ಅಂದರು. ಎರಡು ಹೊಲ ಇದ್ದ ಹಾಗೆ ಅಂದೆ. ಬದು ಒಡೆದರೆ ನೀರು ಆಚೆಗೆ ಹರಿಯುತ್ತಲ್ಲ ಅಂದರು. ರೈಲಿನ ಎರಡು ಬೋಗಿ ಅಂದೆ. ಒಂದರಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗಬಹುದಲ್ಲ ಅಂದರು. ಪಾಠ ಒಪ್ಪಿಸಲಾಗದೆ ಬೆಂಚಿನ ಮೇಲೆ ನಿಂತ ಹುಡುಗನ ಸ್ಥಿತಿ ನನ್ನದಾಯಿತು.

ಹಿಂದಿನಿಂದ ಸುತ್ತಿಗೆ ಸದ್ದು ನಿಂತಿತು. ಅಬ್ಬ ಒಂದು ಟ್ರಂಕ್ ಎತ್ತಿಕೊಂಡು ಬಂದು ಮೇಷ್ಟ್ರ ಮುಂದಿಟ್ಟು ಮುಚ್ಚಳ ತೆಗೆದರು. ಒಳಗೆ ನಡುವೆ ಒಂದು ತಗಡು ಅಡ್ಡ ನಿಲ್ಲಿಸಿ ರಿವೆಟ್ ಹೊಡೆದಿದ್ದರು.

“ಮೇಷ್ಟ್ರೇ, ಈ ಕಡೆ ಬಟ್ಟೆ ತುಂಬೋಯ್ತು, ಆ ಕಡೆ ಖಾಲಿ ಐತೆ. ನೀವು ಏನ್ಮಾಡ್ತೀರಿ?”

“ಈ ತಗಡನ್ನ ಕಿತ್ತು ಆ ಕಡೆಗೆ ಸರಿಸಿ ಹೊಡಿ ಅಂತೀನಿ.”

“ನನ್ ಮಗ ಮಾಡೋದೂ ಅದೇ.”

ಮೇಷ್ಟ್ರ ಮುಖ ಅರಳಿತು. ಟ್ರಂಕಿನ ಮೂಲೆಗಳನ್ನ ಬೆರಳಿನಿಂದ ತಟ್ಟಿ ನೋಡಿದರು, ಚಿಲಕ ಹಾಕಿ ತೆಗೆದರು, ಹಿಡಿಕೆ ಹಿಡಿದು ಎತ್ತಿ ನೋಡಿದರು. ಮುಚ್ಚಳದ ಮೇಲೆ ತಮ್ಮ ಹೆಸರು ಬರೆಸಿಕೊಂಡು, ಅದೇ ಆಟೋದಲ್ಲಿ ಟ್ರಂಕ್ ತಗೊಂಡು ಹೋದರು.

ಎರಡು ದಿನಕ್ಕೆ ಕೆಲಸ ಮುಗಿಸಿ ಫೋನ್ ಮಾಡಿದೆ. ಬರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದೆ. ಮೇಷ್ಟ್ರು ಬಹಳ ಸಮಾಧಾನದಿಂದ ಹೇಳಿದರು, “ಅರ್ಜೆಂಟ್ ಏನಿಲ್ಲ ಕಣಪ್ಪ, ಅಲ್ಲೇ ಇರಲಿ. ಎಲ್ಲಾನೂ ಕಾಗದದಲ್ಲಿ ಬರ್ದು ಟ್ರಂಕಲ್ಲೇ ಇಡ್ತಿದೀನಿ. ಮುತ್ತಜ್ಜನವರೆಗೂ ಬಂದಿದೀನಿ, ಇನ್ನೂ ಬೇಕಾದಷ್ಟು ಜಾಗ ಇದೆ.”

ಸದಸ್ಯರಲ್ಲದ ಫೈಲುಗಳು

ಗುಬ್ಬಿ ಕಡೆಯ ಒಂದು ಸಹಕಾರ ಸಂಘದ ಕಾರ್ಯದರ್ಶಿ ಫೋನ್ ಮಾಡಿ, ಸಿ ಡ್ರೈವ್ ತುಂಬಿದೆ, ತಕ್ಷಣ ಬನ್ನಿ ಅಂದರು. ನನಗೆ ಆ ವಾರ ಬಿಡುವಿರಲಿಲ್ಲ. ಮುಂದಿನ ಸೋಮವಾರ ಬಂದು ಸರಿಮಾಡ್ತೀನಿ, ಅಲ್ಲಿಯವರೆಗೆ ಬೇಡದ ಫೈಲು ಏನಾದರೂ ಇದ್ದರೆ ಅಳಿಸಿ ಅಂತ ಹೇಳಿಬಿಟ್ಟೆ. ಆ ಮಾತನ್ನ ನಾನು ಆಡಬಾರದಿತ್ತು.

ಸೋಮವಾರ ಹೋದೆ. ಕಾರ್ಯದರ್ಶಿ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಕೂತಿದ್ದರು. ತುಂಬಾ ಅಚ್ಚುಕಟ್ಟಿನ ಮನುಷ್ಯ. ಮೇಜಿನ ಮೇಲಿನ ಪೆನ್ನುಗಳೂ ಸಾಲಾಗಿ ಮಲಗಿದ್ದವು. ಜಾಗದ ಸಮಸ್ಯೆ ಹೆಚ್ಚುಕಮ್ಮಿ ಬಗೆಹರಿದಿದೆ, ಆದರೆ ಕಂಪ್ಯೂಟರ್ ಸ್ವಲ್ಪ ಮಂಕಾಗಿದೆ ಅಂದರು. ಆನ್ ಮಾಡಿದೆ. ಕಪ್ಪು ಪರದೆ, ಮೂಲೆಯಲ್ಲಿ ಸಿ ಅನ್ನೋ ಒಂದು ಅಕ್ಷರ, ಅದರ ಪಕ್ಕ ಮಿಣುಕ್ ಮಿಣುಕ್ ಅನ್ನೋ ಒಂದು ಗೆರೆ. ಅಷ್ಟು ಬಿಟ್ಟರೆ ಏನೂ ಇಲ್ಲ.

ಏನು ಅಳಿಸಿದಿರಿ ಅಂತ ಕೇಳಿದೆ. ಅವರು ಎದ್ದು ಬೀರುವಿನಿಂದ ನಡಾವಳಿ ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನನ್ನ ಫೋನಿನ ನಂತರ ಅವರು ಸಿ ಡ್ರೈವಿನ ಒಂದೊಂದೇ ಫೈಲಿನ ಹೆಸರು ನೋಡಿಕೊಂಡು ಹೋಗಿದ್ದಾರೆ. ಬಹಳಷ್ಟು ಫೈಲುಗಳು ಅವರು ಮಾಡಿದ್ದಲ್ಲ. ಅಧ್ಯಕ್ಷರನ್ನ ಕೇಳಿದ್ದಾರೆ, ಅವರೂ ಮಾಡಿಲ್ಲ. ಸದಸ್ಯರ ಪಟ್ಟಿ ಜೊತೆ ತಾಳೆ ಹಾಕಿದ್ದಾರೆ, ಆ ಹೆಸರಿನ ಸದಸ್ಯರೂ ಯಾರೂ ಇಲ್ಲ. ಕಡೆಗೆ ಆಡಳಿತ ಮಂಡಳಿಯ ಸಭೆ ಕರೆದಿದ್ದಾರೆ. ಸಂಘಕ್ಕೆ ಸಂಬಂಧಪಡದ ಫೈಲುಗಳು ಸಂಘದ ಜಾಗವನ್ನ ಅನಧಿಕೃತವಾಗಿ ಆಕ್ರಮಿಸಿಕೊಂಡಿರುವುದರಿಂದ ಅವುಗಳನ್ನ ತೆರವುಗೊಳಿಸತಕ್ಕದ್ದು ಅಂತ ಠರಾವು ಆಗಿದೆ. ಕೆಳಗೆ ನಾಲ್ಕು ಪುಟ ತುಂಬ ಅಳಿಸಿದ ಫೈಲುಗಳ ಹೆಸರು, ದುಂಡು ಅಕ್ಷರದಲ್ಲಿ, ಕ್ರಮಸಂಖ್ಯೆ ಸಮೇತ. ಯಂತ್ರದ ಪ್ರಾಣವಾಯು ಅನ್ನಬಹುದಾದ ಹೆಚ್ಚುಕಮ್ಮಿ ಎಲ್ಲ ಫೈಲೂ ಆ ಪಟ್ಟಿಯಲ್ಲಿತ್ತು.

ಅಂಥ ಫೈಲುಗಳಲ್ಲಿ ಒಂದು ಮಾತ್ರ ಉಳಿದಿತ್ತು. ಅದರ ಹೆಸರು ‘ಕಮ್ಯಾಂಡ್’. ನಿರ್ದೇಶಕರಲ್ಲಿ ಒಬ್ಬರು ಹಿಂದೆ ಸೈನ್ಯದಲ್ಲಿದ್ದವರಂತೆ. ಇದು ಮಿಲಿಟರಿಗೆ ಸೇರಿದ್ದಿರಬಹುದು, ನಾವು ಮುಟ್ಟೋದು ಬೇಡ ಅಂತ ಭಿನ್ನಾಭಿಪ್ರಾಯ ಬರೆಸಿದ್ದರು. ಆ ಪುಣ್ಯಾತ್ಮರಿಂದಾಗಿ ಆ ಸಿ ಅನ್ನೋ ಅಕ್ಷರವಾದರೂ ಮಿನುಗುತ್ತಿತ್ತು.

ಅಳಿಸಿದ್ದೆಲ್ಲ ಕಂಪ್ಯೂಟರಿಗೆ ಬೇಕೇ ಬೇಕಾದವು ಅಂತ ತಿಳಿಸಿ ಹೇಳಿ, ಸಂಜೆವರೆಗೂ ಕೂತು, ಸೀಡಿಯಿಂದ ಎಲ್ಲವನ್ನೂ ಮತ್ತೆ ಹಾಕಿದೆ. ಡಿಯಿಂದ ಜಾಗ ತೆಗೆದು ಸಿಯನ್ನ ದೊಡ್ಡದೂ ಮಾಡಿದೆ. ಪರದೆ ಮೇಲೆ ಬಣ್ಣ ಬಂತು. ನಾನು ಬ್ಯಾಗ್ ಎತ್ತಿಕೊಳ್ಳೋ ಹೊತ್ತಿಗೆ ಕಾರ್ಯದರ್ಶಿ ಕಂಪ್ಯೂಟರ್ ಆಫ್ ಮಾಡಿ ಮೇಲೆ ಟವೆಲ್ ಹೊದಿಸಿದರು. ಯಾಕೆ ಅಂತ ಕೇಳಿದೆ.

“ಈಗ ಬಂದವಲ್ಲ ಸಾಬ್ರೇ, ಅವನ್ನೆಲ್ಲ ಒಳಗೆ ಸೇರಿಸ್ಕೊಂಡಿದ್ದಕ್ಕೆ ಮಂಡಳಿ ಒಪ್ಪಿಗೆ ಬೇಕು. ಮುಂದಿನ ತಿಂಗಳು ಸಭೆ ಇದೆ. ಅಲ್ಲೀವರೆಗೂ ಉಪಯೋಗಿಸಂಗಿಲ್ಲ.”

ಹದಿನೇಳು ಇಂಚು

ಇದು ಚಿಕ್ಕದು. ಹೆಬ್ಬೂರು ಕಡೆಯ ಒಂದು ಶಾಲೆಯ ಮೇಡಂ, ಜಾಗ ಪೂರ್ತಿ ಮುಗಿದಿದೆ ಅಂತ ಕರೆಸಿದರು. ನೋಡಿದರೆ ಹಾರ್ಡ್ ಡಿಸ್ಕಿನಲ್ಲಿ ಮುಕ್ಕಾಲು ಪಾಲು ಖಾಲಿ. ಸಿಯೂ ಖಾಲಿ, ಡಿಯೂ ಖಾಲಿ. ತುಂಬಿದ್ದು ಪರದೆ. ಪ್ರಶ್ನೆಪತ್ರಿಕೆ, ರಜೆ ಅರ್ಜಿ, ಮಕ್ಕಳ ಹೆಸರಿನ ಪಟ್ಟಿ, ಎಲ್ಲದರ ಪುಟ್ಟ ಐಕಾನ್ ಚಿತ್ರಗಳನ್ನೂ ಪರದೆಯ ಮೇಲೆ ಅಂಚಿನಿಂದ ಅಂಚಿಗೆ ಹಪ್ಪಳ ಒಣಗಿಸಿದ ಹಾಗೆ ಜೋಡಿಸಿದ್ದರು. ಇನ್ನೊಂದು ಇಡೋಕೆ ಸಂದಿಯಿಲ್ಲ.

ಜಾಗ ಇರೋದು ಪರದೆಯಲ್ಲಲ್ಲ ಮೇಡಂ, ಒಳಗಿನ ಡಿಸ್ಕಿನಲ್ಲಿ, ಅಂತ ಹೇಳಿ, ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ಹಾಕೋದು ಹೇಗೆ ಅಂತ ತೋರಿಸಿಕೊಟ್ಟೆ. ಮೇಡಂ ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡರು.

ತಿಂಗಳಾದ ಮೇಲೆ ದಾರಿಯಲ್ಲಿ ಸಿಕ್ಕಿದರು. ಕಂಪ್ಯೂಟರ್ ಹೇಗಿದೆ ಮೇಡಂ ಅಂದೆ. ಬಹಳ ಚೆನ್ನಾಗಿದೆ, ನೀವು ಹೇಳಿದ್ದು ರಗಳೆ ಅನ್ನಿಸಿ ಹದಿನೇಳು ಇಂಚಿನ ಮಾನಿಟರ್ ತಗೊಂಡೆ, ಈಗ ಇನ್ನೂ ಎರಡು ಸಾಲು ಹಿಡಿಯುತ್ತೆ ಅಂದರು.

ಗುಬ್ಬಿಯಲ್ಲಿ ಕರೆಂಟ್ ಹೋಗದ ದಿನ

ಗೋಡೆ ಸರಿಸೋ ಕೆಲಸದಲ್ಲಿ ಒಂದು ಗಂಡಾಂತರ ಇದೆ. ಕೆಲಸ ನಡೆಯುತ್ತಿರುವಾಗ ಕರೆಂಟ್ ಹೋದರೆ ಆ ಕಡೆಯದೂ ಇಲ್ಲ, ಈ ಕಡೆಯದೂ ಇಲ್ಲ. ಎಲ್ಲಾ ಅಳಿಸಿಹೋಗುತ್ತೆ. ಆಗಿನ ನಿಧಾನ ಯಂತ್ರಗಳಲ್ಲಿ ಮೂರು ನಾಲ್ಕು ಗಂಟೆ ಹಿಡಿಯುತ್ತಿತ್ತು. ಗುಬ್ಬಿಯಲ್ಲಿ ಆಗ ಒಂದೇ ಸಮ ನಾಲ್ಕು ಗಂಟೆ ಕರೆಂಟ್ ಇದ್ದದ್ದನ್ನ ಕಂಡವರು ಇರಲಿಲ್ಲ.

ಅಲ್ಲಿನ ಒಬ್ಬ ಲೈನ್‌ಮನ್ ಮನೆಯಿಂದ ಕರೆ ಬಂತು. ಅವರ ಮಗಳು ತುಮಕೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಪ್ರಾಜೆಕ್ಟ್ ಒಪ್ಪಿಸೋಕೆ ಎರಡೇ ದಿನ ಇತ್ತು. ಸಿ ತುಂಬಿ, ಕಂಪ್ಯೂಟರ್ ಒಂದು ಪುಟವನ್ನೂ ಉಳಿಸಿಕೊಳ್ಳಲ್ಲ ಅಂತ ಹಟ ಹಿಡಿದಿತ್ತು. ಹುಡುಗಿ ಅತ್ತು ಅತ್ತು ಮೂಗು ಕೆಂಪಾಗಿತ್ತು. ಮೊದಲು ಅವಳ ಪ್ರಾಜೆಕ್ಟನ್ನ ಐದು ಫ್ಲಾಪಿಗೆ ಹಾಕಿ ಅವಳ ಕೈಗೇ ಕೊಟ್ಟೆ. ಆಮೇಲೆ ಅವರಪ್ಪನಿಗೆ ಕರೆಂಟಿನ ವಿಷಯ ಹೇಳಿದೆ.

ಲೈನ್‌ಮನ್ ನಕ್ಕರು. ಆ ಯೋಚನೆ ನಂಗೆ ಬಿಟ್ಟುಬುಡಿ ಅಂತ ಹೇಳಿ, ಸೈಕಲ್ ಹತ್ತಿ ಹೋದರು. ಮಗಳಿಗೋಸ್ಕರ ಅವರು ಯಾರ ಕೈಕಾಲು ಹಿಡಿದರೋ, ಯಾವ ಕಂಬ ಹತ್ತಿದರೋ ಗೊತ್ತಿಲ್ಲ. ಹತ್ತು ಗಂಟೆಗೆ ಕೆಲಸ ಶುರು ಮಾಡಿದೆ. ಹನ್ನೊಂದಾಯಿತು, ಹನ್ನೆರಡಾಯಿತು, ಕರೆಂಟ್ ಹೋಗಲಿಲ್ಲ. ಬೀದಿಯವರಿಗೆಲ್ಲ ಆಶ್ಚರ್ಯ. ಎದುರು ಮನೆಯವರು ಎರಡು ದಿನದ ಹಿಟ್ಟನ್ನ ಒಂದೇ ಸಲ ರುಬ್ಬಿಟ್ಟುಕೊಂಡರು. ಪಕ್ಕದ ಹಿಟ್ಟಿನ ಗಿರಣಿ ಮುಂದೆ ರಾಗಿ ಚೀಲದ ಸಾಲು ನಿಂತಿತು. ಯಾರೋ ಮಂತ್ರಿ ಬರ್ತಿರಬೇಕು ಅಂತ ಸುದ್ದಿ ಹಬ್ಬಿ, ಒಂದಿಬ್ಬರು ಮನೆ ಮುಂದೆ ಗುಡಿಸಿ ನೀರೂ ಹಾಕಿದರು.

ಒಂದೂವರೆ ಹೊತ್ತಿಗೆ ಪರದೆ ಮೇಲೆ ತೊಂಬತ್ತೇಳು ಪರ್ಸೆಂಟ್ ಅಂತ ಬಂತು. ನಾನು ಕೈಬೆರಳು ಮಡಚಿಕೊಂಡು ಕೂತಿದ್ದೆ. ಹುಡುಗಿ ಫ್ಲಾಪಿಗಳನ್ನ ಎದೆಗೊತ್ತಿಕೊಂಡು ನಿಂತಿದ್ದಳು. ತೊಂಬತ್ತೆಂಟು ಅಂದಿತು. ಟಪ್ ಅಂತ ಎಲ್ಲ ಆರಿಹೋಯಿತು.

ಬೀದಿಗೆ ಓಡಿಬಂದು ನೋಡಿದೆ. ಗಿರಣಿ ಓಡುತ್ತಿತ್ತು. ಎದುರು ಮನೆಯ ಫ್ಯಾನ್ ತಿರುಗುತ್ತಿತ್ತು. ಇಡೀ ಗುಬ್ಬಿಯಲ್ಲಿ ಕರೆಂಟ್ ಇಲ್ಲದ್ದು ಲೈನ್‌ಮನ್ ಮನೆಯಲ್ಲಿ ಮಾತ್ರ. ಒಳಗೆ ಬಂದರೆ ಅವರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಮೇನ್ ಸ್ವಿಚ್ ಕೆಳಗೆ ಸ್ಟೂಲ್ ಮೇಲೆ ನಿಂತಿದ್ದರು.

“ನಾನೇ ಆರಿಸ್ದೆ ಕಣಪ್ಪ,” ಅಂದರು ಅಜ್ಜಿ. “ಬೆಳಗ್ಗಿಂದ ಒಂದ್ಸಲಾನೂ ಕರೆಂಟ್ ಹೋಗಿಲ್ಲ. ಎಲ್ಲೋ ಏನೋ ಕೆಟ್ಟೈತೆ. ಮನೇಲಿ ಮಕ್ಕಳಿರ್ತವೆ, ನಂಗೆ ಭಯ ಆಯ್ತು.”

ಅಣ್ಣತಮ್ಮಂದಿರ ಪಾರ್ಟಿಷನ್

ಕುಣಿಗಲ್‌ನಲ್ಲಿ ಇಬ್ಬರು ಅಣ್ಣತಮ್ಮಂದಿರ ಫೋಟೋ ಸ್ಟುಡಿಯೋ ಇತ್ತು. ಅಣ್ಣ ವಿಡಿಯೋ ತೆಗೀತಿದ್ದ, ತಮ್ಮ ಫೋಟೋ ತೆಗೀತಿದ್ದ. ತೀರಿಕೊಂಡ ಅವರಪ್ಪನ ಹಳೇ ಕ್ಯಾಮೆರಾಗಳನ್ನ ಮಾರಿ ಕಂಪ್ಯೂಟರ್ ತಗೊಂಡಿದ್ದರು. ಇಬ್ಬರೂ ಸೇರಿ ಬಳಸಲಿ ಅಂತ ನಲವತ್ತು ಜಿಬಿ ಡಿಸ್ಕನ್ನ ನಾನೇ ಸರಿಯಾಗಿ ಇಪ್ಪತ್ತಿಪ್ಪತ್ತು ಭಾಗ ಮಾಡಿಕೊಟ್ಟಿದ್ದೆ. ಅಣ್ಣನಿಗೆ ಸಿ, ತಮ್ಮನಿಗೆ ಡಿ.

ಎರಡು ವರ್ಷ ಆದಮೇಲೆ ಅಣ್ಣ ಫೋನ್ ಮಾಡಿದ. ಸಿ ತುಂಬಿದೆ, ಹೊಸ ಮದುವೆ ಕ್ಯಾಸೆಟ್ ಇಳಿಸೋಕೆ ಆಗ್ತಿಲ್ಲ, ಡಿಯಿಂದ ಐದು ಜಿಬಿ ತೆಗೆದುಕೊಡಿ ಅಂದ. ಸಿಯಲ್ಲಿರೋದನ್ನೇ ಒಂದಿಷ್ಟು ಅಳಿಸಬಾರದಾ ಅಂದೆ. ಎಲ್ಲಾ ಗಿರಾಕಿಗಳದ್ದು, ಒಂದನ್ನೂ ಮುಟ್ಟಂಗಿಲ್ಲ ಅಂತ ಯಾಕೋ ಸ್ವಲ್ಪ ಜೋರಾಗಿಯೇ ಹೇಳಿದ.

ಹೋದೆ. ಫ್ಲಾಪಿ ಹಾಕಿ, ಪಾರ್ಟಿಷನ್ ಮಾಡಬೇಕು, ಎರಡು ಮೂರು ಗಂಟೆ ಆಗುತ್ತೆ ಅಂದೆ. ತಮ್ಮ ಸಟ್ಟಂತ ಕುರ್ಚಿಯಿಂದ ಎದ್ದ. ಪಾರ್ಟಿಷನ್ ಎರಡು ವರ್ಷದ ಹಿಂದೆ ಆಗಿದೆ, ತನ್ನ ಭಾಗದಲ್ಲಿ ಒಂದು ಜಿಬಿನೂ ಬಿಡಲ್ಲ ಅಂದ. ನಿನ್ನ ಭಾಗ ಖಾಲಿ ಬಿದ್ದಿದೆಯಲ್ಲೋ ಅಂತ ಅಣ್ಣ. ಖಾಲಿ ಬಿದ್ದಿದ್ರೆ ನಿಂದಾಗುತ್ತಾ ಅಂತ ತಮ್ಮ. ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್ ನನ್ನ ಭಾಗದಲ್ಲಿ ಕೂತಿದೆ, ಅದರ ಉಪಯೋಗ ಇಬ್ಬರಿಗೂ, ಜಾಗ ಮಾತ್ರ ನಂದಾ ಅಂತ ಅಣ್ಣ. ದೇವರ ಮನೆ ಯಾರ ಭಾಗಕ್ಕೆ ಬಂದಿರುತ್ತೋ ದೀಪಕ್ಕೆ ಎಣ್ಣೆ ಅವರೇ ಹಾಕಬೇಕು ಅಂತ ತಮ್ಮ. ಸ್ಟುಡಿಯೋ ಮುಂದೆ ಜನ ನಿಂತರು.

ಅವರ ಸೋದರಮಾವ ಒಬ್ಬರು ಕೊತ್ತಗೆರೆಯಲ್ಲಿದ್ದರು. ಆಸ್ತಿ ಪತ್ರ, ಕ್ರಯಪತ್ರ, ಭಾಗಪತ್ರ ಬರೆಯೋದೇ ಅವರ ಜೀವನದ ಕಸುಬು. ಮನೆಯಲ್ಲಿ ಪಾರ್ಟಿಷನ್ ಗಲಾಟೆ ಅಂತ ಯಾರೋ ಫೋನ್ ಮಾಡಿದ್ದೇ ತಡ, ಛಾಪಾ ಕಾಗದದ ಕಟ್ಟು ಹಿಡಿದುಕೊಂಡು ಮುಂದಿನ ಬಸ್ಸಿಗೇ ಬಂದಿಳಿದರು. ಇದು ಮನೆಯಲ್ಲ, ಹೊಲವಲ್ಲ, ಡಿಸ್ಕು ಅಂತ ನಾನು ಹೇಳಿದೆ. ಅವರಿಗೆ ಅದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಸ್ವತ್ತು ಸ್ವತ್ತೇ ಅಂದರು. ಕನ್ನಡಕ ಹಾಕಿಕೊಂಡು, ಎದುರು ಕೂತು, ನನ್ನ ಕೈಲಿ ಡಬ್ಬಿ ಬಿಚ್ಚಿಸಿ, ಡಿಸ್ಕ್ ಎಲ್ಲಿದೆ ತೋರಿಸು ಅಂದರು. ತೋರಿಸಿದೆ. ಚೆಕ್ಕುಬಂದಿ ಬರೆಯೋಕೆ ಶುರು ಮಾಡಿದರು. ಪೂರ್ವಕ್ಕೆ ಫ್ಯಾನು, ಪಶ್ಚಿಮಕ್ಕೆ ಸೀಡಿ ಡ್ರೈವು, ಉತ್ತರಕ್ಕೆ ಕೆಂಪು ಹಳದಿ ವೈರು, ದಕ್ಷಿಣಕ್ಕೆ ತಗಡು. ಈ ಮಧ್ಯೆ ಇರುವ ನಲವತ್ತು ಜಿಬಿ ಜಾಗ. ಸಿಗೂ ಡಿಗೂ ನಡುವೆ ಓಡಾಡೋಕೆ ದಾರಿ ಬಿಟ್ಟಿದೀರಾ ಅಂತ ನನ್ನನ್ನ ಕೇಳಿದರು. ಇಲ್ಲ ಅಂದೆ. ಮುಂದೆ ಇದೇ ತಕರಾರು ಆಗೋದು ಅಂತ ತಲೆಯಾಡಿಸಿದರು.

ಅಷ್ಟರಲ್ಲಿ ತಂಗಿ ಬಂದಳು. ಅವಳನ್ನ ಯಡಿಯೂರು ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಅಣ್ಣಂದಿರು ಪಾರ್ಟಿಷನ್ ಮಾಡ್ಕೊಳ್ತಿದ್ದಾರೆ ಅನ್ನೋ ಸುದ್ದಿ ಬಸ್ಸಿನವರ ಬಾಯಲ್ಲಿ ಅವಳ ಊರಿಗೂ ತಲುಪಿತ್ತು. ವಿಷಯ ಪೂರ್ತಿ ಕೇಳಿಸಿಕೊಂಡಳು. ಬ್ಯಾಗನ್ನ ಕೆಳಗಿಟ್ಟು, ಅಪ್ಪನ ಕ್ಯಾಮೆರಾ ಮಾರಿ ತಾನೇ ಇದನ್ನ ತಗೊಂಡಿದ್ದು, ಹಾಗಾದರೆ ಇದರಲ್ಲಿ ನಂದೂ ಒಂದು ಭಾಗ ಇದೆ ಅಂದಳು. ಮಾವ ಕನ್ನಡಕದ ಮೇಲಿಂದ ಅಣ್ಣತಮ್ಮಂದಿರನ್ನ ನೋಡಿ, ಹೆಣ್ಣುಮಕ್ಕಳಿಗೂ ಸಮಪಾಲು, ಮೂರು ಭಾಗ ಆಗಬೇಕು ಅಂತ ತೀರ್ಪು ಕೊಟ್ಟರು.

ಮೂರು ಭಾಗ ಅಂದರೆ ತಲಾ ಹದಿಮೂರು ಚಿಲ್ಲರೆ. ಜಾಗ ಸಾಲದು ಅಂತ ನನ್ನನ್ನ ಕರೆಸಿದ ಅಣ್ಣನಿಗೆ ಇದ್ದ ಇಪ್ಪತ್ತರಲ್ಲೂ ಆರೂವರೆ ಹೋಗುತ್ತಿತ್ತು. ಸಿ ಭರ್ತಿಯಾಗಿರೋದರಿಂದ ಅದನ್ನ ಕುಗ್ಗಿಸೋಕೆ ಆಗಲ್ಲ, ಮೊದಲು ಒಳಗೇನಿದೆ ನೋಡಿ ಸ್ವಲ್ಪ ಆಚೆ ತೆಗೆಯಬೇಕು ಅಂದೆ. ಅಣ್ಣ ಬೇಡ ಬೇಡ ಅನ್ನುತ್ತಿದ್ದ. ಮಾವ ಬಿಡಲಿಲ್ಲ. ದೊಡ್ಡ ಫೈಲ್ ಯಾವುದು ಅಂತ ಹುಡುಕಿದೆ. ಒಂದೇ ಒಂದು ಫೈಲು ಹನ್ನೆರಡು ಜಿಬಿ ನುಂಗಿಕೊಂಡು ಮಲಗಿತ್ತು. ತೆರೆದೆ.

ಪರದೆ ಮೇಲೆ ಮದುವೆ ಮಂಟಪ ಬಂತು. ತಂಗಿ ಹತ್ತಿರ ಬಂದು ಬಗ್ಗಿ ನೋಡಿದಳು. ಅದು ಅವಳದೇ ಮದುವೆ. ಎರಡು ವರ್ಷದಿಂದ ಅವಳು ಪ್ರತಿ ಹಬ್ಬಕ್ಕೂ ಬಂದು ಕೇಳುತ್ತಿದ್ದದ್ದು, ಅಣ್ಣ ಪ್ರತಿ ಹಬ್ಬಕ್ಕೂ ಇನ್ನೇನು ಆಯ್ತು ಅಂತ ಕಳಿಸುತ್ತಿದ್ದದ್ದು ಇದೇ ವಿಡಿಯೋ.

ವಿಡಿಯೋ ಓಡಿತು. ಗಂಡನ್ನ ಎದುರುಗೊಳ್ಳೋ ಹೊತ್ತಿಗೆ ಒಂದು ನೀಲಿ ಚೌಕಳಿ ಶರ್ಟಿನ ಬೆನ್ನು ಅಡ್ಡ ಬಂತು. ಅದು ಫೋಟೋ ತೆಗೆಯುತ್ತಿದ್ದ ತಮ್ಮನ ಬೆನ್ನು. ಮುಂದಕ್ಕೆ ಓಡಿಸಿದೆ. ಧಾರೆ ಎರೆಯೋವಾಗ ಪರದೆ ತುಂಬ ಅದೇ ಬೆನ್ನು. ತಾಳಿ ಕಟ್ಟೋವಾಗ ವಾಲಗದ ಸದ್ದು ಜೋರಾಯಿತು, ಬೆನ್ನು ಇನ್ನೂ ಹತ್ತಿರ ಬಂತು. ಸಪ್ತಪದಿಯಲ್ಲಿ ಬೆನ್ನೂ ಜೊತೆಗೆ ಏಳು ಹೆಜ್ಜೆ ಇಟ್ಟಿತು. ಒಂದು ಗಂಟೆಯ ವಿಡಿಯೋದಲ್ಲಿ ತಂಗಿ ಕಂಡದ್ದು ಊಟದ ಪಂಕ್ತಿಯಲ್ಲಿ ಮಾತ್ರ, ಅದೂ ಹೋಳಿಗೆ ಬಾಯಲ್ಲಿ ಇಟ್ಟುಕೊಂಡಾಗ.

“ಇದಕ್ಕೇ ಕಣಮ್ಮ ಕೊಡ್ಲಿಲ್ಲ,” ಅಂದ ಅಣ್ಣ. ಅವನ ದನಿ ಇಳಿದುಹೋಗಿತ್ತು. “ನಿನಗೆ ಹೆಂಗೆ ತೋರಿಸೋದು ಅಂತ ಗೊತ್ತಾಗ್ಲಿಲ್ಲ. ಮದುವೆ ಅಂತ ಅಳಿಸೋಕೂ ಮನಸ್ಸು ಬರ್ಲಿಲ್ಲ.”

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ನಗೋಕೆ ಶುರು ಮಾಡಿದಳು. ಕೂತು ನಕ್ಕಳು, ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ತನಗೆ ಭಾಗವೂ ಬೇಡ, ಏನೂ ಬೇಡ, ಆ ಹೋಳಿಗೆ ತಿನ್ನೋದನ್ನ ಒಂದು ಸೀಡಿಗೆ ಹಾಕಿಕೊಟ್ಟರೆ ಸಾಕು ಅಂದಳು.

ಮಾವ ಮಾತ್ರ ನಗಲಿಲ್ಲ. ಅವರು ವಿಡಿಯೋವನ್ನ ಮೊದಲಿನಿಂದ ಮತ್ತೆ ಹಾಕಿಸಿ, ಕೈಗಡಿಯಾರ ಹಿಡಿದುಕೊಂಡು ಕೊನೆವರೆಗೂ ನೋಡಿದರು. ಬರೆದಿದ್ದ ಪತ್ರವನ್ನ ಹರಿದು ಜೇಬಿಗೆ ಹಾಕಿಕೊಂಡರು. ಪೆನ್ನಿನ ಕ್ಯಾಪ್ ಮುಚ್ಚಿ, ತಮ್ಮನ ಕಡೆ ತಿರುಗಿದರು.

“ಇದ್ರಲ್ಲಿ ಮುಕ್ಕಾಲು ಗಂಟೆ ನೀನೇ ಇದೀಯ. ಅಣ್ಣನ ಜಾಗದಲ್ಲಿ ಎರಡು ವರ್ಷದಿಂದ ಒಕ್ಕಲಿದೀಯ. ಎದ್ದು ನಿನ್ನ ಭಾಗಕ್ಕೆ ಹೋಗು.”

ಇಪ್ಪತ್ತು ನಿಮಿಷದಲ್ಲಿ ಆ ಫೈಲನ್ನ ಸಿಯಿಂದ ಡಿಗೆ ಸಾಗಿಸಿದೆ. ಸಿಯಲ್ಲಿ ಹನ್ನೆರಡು ಜಿಬಿ ಖಾಲಿಯಾಯಿತು, ಗೋಡೆ ಮುಟ್ಟೋ ಕೆಲಸವೇ ಬೀಳಲಿಲ್ಲ. ಸದ್ಯ, ಬೆನ್ನು ತನ್ನದಲ್ಲ ಅಂತ ತಮ್ಮನೂ ವಾದ ಮಾಡಲಿಲ್ಲ.